ಅಂಗೈಯ ಮೇಲೆ ಬರೆದ ಜಪಾನಿ

ದೋಹಾದ ಒಂದು ವಿಶ್ವವಿದ್ಯಾಲಯದ ಭಾಷಾ ವಿಭಾಗದಲ್ಲಿ ನಾನು ಸೆಕ್ರೆಟರಿಯಾಗಿದ್ದೆ. ಜಪಾನಿ ಕಲಿಸಲು ಹಂಗೇರಿಯಿಂದ ಒಬ್ಬರು ಪ್ರೊಫೆಸರ್ ಬರುತ್ತಾರೆ ಎಂದಾಗ ವಿಭಾಗದವರೆಲ್ಲ ನಕ್ಕಿದ್ದರು. ಜಪಾನಿ ಕಲಿಸಲು ಜಪಾನಿನವರೇ ಸಿಗಲಿಲ್ಲವೇ ಎಂದು. ಬಂದವರು ಅರವತ್ತು ದಾಟಿದ, ಬೆಳ್ಳಗಿನ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡ ಹೆಂಗಸು. ಜಪಾನಿನ ಅತಿಥಿಯೊಬ್ಬರು ಅವರ ಮಾತು ಕೇಳಿ, "ನಮ್ಮ ಅಜ್ಜಿ ಹೀಗೆ ಮಾತಾಡುತ್ತಿದ್ದರು" ಎಂದು ಕಣ್ಣೊರೆಸಿಕೊಂಡ ಮೇಲೆ ಯಾರೂ ನಗಲಿಲ್ಲ.

ಅವರ ತಂದೆ ಹಂಗೇರಿಯ ಬಯಲಿನ ಸಣ್ಣ ಊರೊಂದರಲ್ಲಿ ರೈಲ್ವೆ ನೌಕರ. ಊರಿನ ಗ್ರಂಥಾಲಯದಲ್ಲಿ ಸಿಕ್ಕಿದ ಜಪಾನಿ ಪದ್ಯಗಳ ಪುಸ್ತಕದಲ್ಲಿ ಅನುವಾದದ ಪಕ್ಕ ಮೂಲದ ಅಕ್ಷರಗಳೂ ಇದ್ದವಂತೆ. ಹುಡುಗಿ ಅನುವಾದ ಬಿಟ್ಟು ಅಕ್ಷರಗಳನ್ನೇ ನೋಡುತ್ತ ಕೂತಳು. ಮುಂದೆ ಬುಡಾಪೆಸ್ಟಿನಲ್ಲಿ ಓದಿದರು, ಕ್ಯೋಟೋದಲ್ಲಿ ವರ್ಷಗಟ್ಟಲೆ ಇದ್ದರು, ಬುಡಾಪೆಸ್ಟಿಗೆ ಮರಳಿ ನಿವೃತ್ತಿಯವರೆಗೆ ಪಾಠ ಮಾಡಿದರು. ಹಿಂದಿನ ಕಾಲದ ಜಪಾನಿನ ಅರಮನೆಯ ಹೆಂಗಸರು ಬರೆದ ಪದ್ಯ, ದಿನಚರಿಗಳನ್ನು ಒಂದೊಂದಾಗಿ ಹಂಗೇರಿಯನ್ನಿಗೆ ತಂದರು. "ಈ ವಯಸ್ಸಿನಲ್ಲಿ ಈ ಬಿಸಿಲಿಗೆ ಯಾಕೆ ಬಂದಿರಿ?" ಎಂದು ಒಮ್ಮೆ ಕೇಳಿದ್ದೆ. "ಇಲ್ಲಿ ನನ್ನ ಗುರುತಿನವರು ಯಾರೂ ಇಲ್ಲ" ಎಂದಷ್ಟೇ ಹೇಳಿದರು.

ಎರಡು ವರ್ಷದ ಬಳಿಕ ಅವರ ಕಣ್ಣು ಕೆಡತೊಡಗಿತು. ಸುತ್ತಲಿನದು ಕಾಣುತ್ತಿತ್ತು, ನೇರ ನೋಡಿದ್ದು ಮಾತ್ರ ಮಾಯವಾಗುತ್ತಿತ್ತು. ಆಗ ಅವರ ಕೈಯಲ್ಲಿದ್ದದ್ದು ಕೊನೆಯ ಪುಸ್ತಕ, ಒಬ್ಬ ವಿಧವೆಯ ಪದ್ಯಗಳು. ಹಳೆಯ ಕೈಬರಹದ ಪ್ರತಿ ಅದು. ಅಕ್ಷರಗಳು ಒಂದಕ್ಕೊಂದು ಹೆಣೆದುಕೊಂಡು ಬಳ್ಳಿಯ ಹಾಗೆ ಇಳಿಯುತ್ತಿದ್ದವು. ನಮ್ಮಲ್ಲಿದ್ದ ಯಾವ ಕಂಪ್ಯೂಟರಿಗೂ ಅದನ್ನು ಓದಿ ಹೇಳಲು ಬರುತ್ತಿರಲಿಲ್ಲ.

ಒಂದು ದಿನ ಅವರು ಅಂಗೈ ಚಾಚಿ, "ಕಂಡದ್ದನ್ನು ಕಂಡ ಹಾಗೆ ಇಲ್ಲಿ ಬರೆ" ಎಂದರು. ಪರದೆಯ ಮೇಲೆ ದೊಡ್ಡದಾಗಿಸಿದ ಗೆರೆಯನ್ನು ನೋಡುತ್ತ ನಾನು ಬೆರಳಿನಿಂದ ಅವರ ಅಂಗೈಯ ಮೇಲೆ ಎಳೆದೆ. ಕಣ್ಣು ಮುಚ್ಚಿ ಕೂತಿದ್ದವರು ಥಟ್ಟನೆ ಒಂದು ಪದ ಹೇಳಿದರು! ಆಮೇಲೆ ಪ್ರತಿ ಶುಕ್ರವಾರ ಅವರ ಫ್ಲ್ಯಾಟಿಗೆ ಹೋಗತೊಡಗಿದೆ. ನಾನು ಬರೆಯುವುದು, ಅವರು ಓದಿಕೊಂಡು ಹಂಗೇರಿಯನ್ನಿನಲ್ಲಿ ಹೇಳುವುದು, ಅದನ್ನು ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ ಬುಡಾಪೆಸ್ಟಿನಲ್ಲಿದ್ದ ಅವರ ತಂಗಿಯ ಮಗಳಿಗೆ ಕಳಿಸುವುದು. ಅವಳು ಅಲ್ಲಿ ಟೈಪ್ ಮಾಡುತ್ತಿದ್ದಳು.

ದೋಹಾದ ಹೊರಗೆ ಮೆಸಯೀದಿನ ಪ್ಲಾಂಟಿನಲ್ಲಿ ದುಡಿಯುವ ನನ್ನ ಗಂಡನಿಗೆ ರಜೆ ಇರುವುದು ಶುಕ್ರವಾರವೇ.

"ನಿಂಗೆ ಜಪಾನಿ ಬರ್ತದಾ ಮಾರಾಯ್ತಿ?"

"ಇಲ್ಲ."

"ಹಂಗೇರಿಯನ್?"

"ಅದೂ ಇಲ್ಲ."

"ಮತ್ತೆ ಅಲ್ಲಿ ಹೋಗಿ ಎಂತ ಮಾಡುದು ನೀನು?" ಎಂದು ನಕ್ಕರೂ ಅಲ್ ಮನ್ಸೂರಾದ ನಮ್ಮ ಮನೆಯಿಂದ ಕಾರಿನಲ್ಲಿ ಬಿಟ್ಟು ಬರುತ್ತಿದ್ದರು. ದಾರಿಯಲ್ಲಿ ಪ್ರೊಫೆಸರಿಗೆಂದು ನೀರುದೋಸೆ ಕಟ್ಟಿಸಿಕೊಳ್ಳುತ್ತಿದ್ದೆವು. ಚಟ್ನಿ ಮುಟ್ಟದೆ ಸಕ್ಕರೆ ಹಾಕಿಕೊಂಡು ತಿನ್ನುತ್ತಿದ್ದರು.

ಕಣ್ಣಿನ ವಿಷಯ ಆಡಳಿತ ಕಚೇರಿಗೆ ಗೊತ್ತಾಯಿತು. ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಕೆಲಸ ಹೋದರೆ ಇಲ್ಲಿ ವೀಸಾವೂ ಹೋಯಿತು. ಆ ಕಾಗದವನ್ನು ಅವರಿಗೆ ಓದಿ ಹೇಳಬೇಕಾದವಳು ನಾನೇ. ಕೇಳಿ ಮುಗಿಸಿ, "ಒಂದೇ ಪದ್ಯ ಉಳಿದಿದೆ, ಅಲ್ಲವೇ?" ಎಂದರು.

ಉಳಿದದ್ದು ಕೊನೆಯ ಪದ್ಯವಲ್ಲ, ನಡುವಿನದು. ಅದನ್ನು ಅವರೇ ಹಿಂದೆ ಬಿಡುತ್ತ ಬಂದಿದ್ದರು. ಸತ್ತ ಮಗಳ ಉಡುಪಿಗೆ ತಾಯಿ ಧೂಪದ ಹೊಗೆ ಹಿಡಿಯುವ ಪದ್ಯ. ನಾನು ಮೊದಲ ಅಕ್ಷರ ಬರೆಯುತ್ತಿದ್ದಂತೆ ಅವರು ಮುಷ್ಟಿ ಬಿಗಿದರು.

"ನನಗೂ ಒಬ್ಬಳು ಮಗಳಿದ್ದಳು" ಎಂದರು. "ನಾನು ಕ್ಯೋಟೋದಲ್ಲಿದ್ದಾಗ ಊರಲ್ಲಿ ಅವಳಿಗೆ ಜ್ವರ ಬಂತು. ನನ್ನ ತಾಯಿ ಫೋನ್ ಮಾಡಿ ಬಾ ಅಂದಳು. ಇನ್ನೊಂದು ವಾರದಲ್ಲಿ ಕೆಲಸ ಮುಗಿಯುತ್ತದೆ, ಬರುತ್ತೇನೆ ಅಂದೆ. ಬಂದಾಗ ಮಣ್ಣು ಮಾಡಿ ಆಗಿತ್ತು. ಆಗ ಅವಳಿಗೆ ಏಳು ವರ್ಷ."

ಅವರ ಮುಷ್ಟಿಯ ಮೇಲೆ ಕೈಯಿಟ್ಟು ಕೂತೆ. ತುಸು ಹೊತ್ತಿನ ಮೇಲೆ ಅವರಾಗಿಯೇ ಬೆರಳು ಬಿಡಿಸಿದರು. ಪೂರ್ತಿ ಪದ್ಯ ಬರೆದೆ. ಅವರು ಫೋನಿನ ಕಡೆ ಬಾಗಿ ಮೆಲ್ಲಗೆ ಹಂಗೇರಿಯನ್ನಿನಲ್ಲಿ ಮಾತಾಡಿದರು. ನಡುವೆ ಮಾತು ನಿಂತಿತು, ಮತ್ತೆ ಶುರುವಾಯಿತು.

"ಆಯಿತಾ?" ಎಂದು ಕೇಳಿದೆ. "ಇದನ್ನು ಕಳಿಸಲಾ?"

"ಬೇಡ, ಅಳಿಸಿಬಿಡು. ಅದು ಪದ್ಯವಲ್ಲ. ಜ್ವರ ಇಳಿಯಿತಾ ಅಂತ ಅವಳನ್ನು ಕೇಳುತ್ತಿದ್ದೆ."

ಹೊರಡುವ ಮೊದಲು ಇನ್ನೂ ಎರಡು ಶುಕ್ರವಾರ ಕೂತೆವು. ಆ ಪದ್ಯ ಬರಲೇ ಇಲ್ಲ. "ಖಲಾಸ್" ಎಂದರು, ಇಲ್ಲಿನವರ ಹಾಗೆಯೇ ಕೈ ಕೊಡವಿ. ವಿಮಾನ ನಿಲ್ದಾಣದಲ್ಲಿ ಸಿಬ್ಬಂದಿ ಅವರನ್ನು ಗಾಲಿಕುರ್ಚಿಯಲ್ಲಿ ಒಳಗೆ ಕರೆದೊಯ್ದರು. ತಿರುಗಿ ಕೈಬೀಸಿದರು, ನಾವು ನಿಂತಿದ್ದ ಕಡೆಗಲ್ಲ, ಬೇರೆ ಯಾರ ಕಡೆಗೋ. ನನ್ನ ಗಂಡ ಅಷ್ಟು ಜನರ ನಡುವೆ "ಪ್ರೊಫೆಸರ್, ಇಲ್ಲಿ!" ಎಂದು ಕೂಗಿದರು. ಕೇಳಿಸಲಿಲ್ಲ.

ಆ ಚಳಿಗಾಲದಲ್ಲೇ ನ್ಯುಮೋನಿಯಾ ಆಗಿ ತೀರಿಕೊಂಡರು. ತಂಗಿಯ ಮಗಳು ಫೋನ್ ಮಾಡಿದಾಗ ನಾನು ಅನ್ನ ಬಸಿಯುತ್ತಿದ್ದೆ. ಪುಸ್ತಕ ಅಚ್ಚಾಗುತ್ತಿದೆ ಎಂದಳು. ಉಳಿದ ಪದ್ಯವನ್ನು ಬೇರೆಯವರಿಂದ ಮಾಡಿಸೋಣ ಎಂದು ಪ್ರಕಾಶಕರು ಹೇಳಿದರಂತೆ. ಇವಳು ಒಪ್ಪಲಿಲ್ಲವಂತೆ. ಆ ಪುಟ ಖಾಲಿ ಇರಲಿ ಎಂದಳಂತೆ.

ಫೋನಿಟ್ಟ ಮೇಲೆ ಗಂಡನಿಗೆ ಹೇಳಿದೆ. ಅವರು ಒಲೆ ಆರಿಸಿ, "ಕೂತುಕೋ" ಎಂದರು. ಇಬ್ಬರೂ ಅಡಿಗೆಮನೆಯ ನೆಲದ ಮೇಲೆಯೇ ಕೂತೆವು. ಆ ದಿನ ಮಧ್ಯಾಹ್ನ ಯಾರೂ ಊಟ ಮಾಡಲಿಲ್ಲ.