ಅಯ್ಯ ಆರಿಸಿಕೊಟ್ಟ ಕುರ್ಚಿ

ಗುರುಪಾದಯ್ಯನವರ ಕಣ್ಣು ಮೊದಲು ಹೋಗುತ್ತಿದ್ದುದು ಮನುಷ್ಯನ ಮೊಣಕಾಲಿಗೆ. ಮುಖ ಆಮೇಲೆ. ಮರಾಠಿ ಸೀಮೆಯ ನಿಲಂಗಾದ ಬಸ್ ಸ್ಟ್ಯಾಂಡ್ ಹಿಂದಿನ ಅವರ ಕುರ್ಚಿ ಅಂಗಡಿಗೆ ಯಾರೇ ಬರಲಿ, ಕಾಲಿನ ಉದ್ದವೆಷ್ಟು, ಸೊಂಟ ಯಾವ ಕಡೆ ವಾಲಿದೆ ಎಂದು ನಿಂತಲ್ಲೇ ಅಳೆದುಬಿಡುತ್ತಿದ್ದರು. ಮರಾಠಿ ಮಂದಿಗೆ ಅವರು ಸ್ವಾಮಿ, ನಮ್ಮಂಥ ಕನ್ನಡ ಮನೆಗಳಿಗೆ ಅಯ್ಯ. ಬಂದವರು ರೇಟು ಕೇಳಿದರೆ ಉತ್ತರ ಒಂದೇ: "ಆಧೀ ಬಸಾ." ಮೊದಲು ಕುಳಿತುಕೊಳ್ಳಿ, ಮಾತು ಆಮೇಲೆ.

ಕುಳಿತವರು ಬೇಗ ಏಳುವಂತಿರಲಿಲ್ಲ. ಚಹಾ ತರಿಸುವರು, ಪೇಪರು ಕೈಗೆ ಕೊಡುವರು, ಮಳೆ ಬೆಳೆ ಬೀಗರು ಎಲ್ಲ ವಿಚಾರಿಸುವರು. ಅರ್ಧ ತಾಸಾದ ಮೇಲೆಯೇ ಕುರ್ಚಿಯ ಮಾತು. ಅಷ್ಟರಲ್ಲಿ ಎಷ್ಟೋ ಗಿರಾಕಿಗಳು ಬೇಸತ್ತು ಎದುರಿನ ಅಂಗಡಿಗೆ ಹೋಗಿರುತ್ತಿದ್ದರು. ಈ ಅಯ್ಯ ವ್ಯಾಪಾರ ಮಾಡಿದಂತೆಯೇ ಎಂದು ನಾನೂ ನಕ್ಕವನೇ.

ಸರ್ಕಾರಿ ಕಾಗದ ಸಿಗುವ ಸೇತು ಕೇಂದ್ರದಲ್ಲಿ ಕೂರತೊಡಗಿದ ಹೊಸದರಲ್ಲಿ ನಾನು ಅವರ ಅಂಗಡಿಯ ಮೆಟ್ಟಿಲು ಹತ್ತಿದೆ. ರೈತರಿಗೆ ಹೊಲದ ಉತಾರ, ಹುಡುಗರಿಗೆ ಜಾತಿ ದಾಖಲೆ ತೆಗೆದುಕೊಡುತ್ತ ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ನನ್ನ ಸೊಂಟ ಹಿಡಿದುಹೋಗಿತ್ತು. ಮೂವತ್ತಕ್ಕೇ ಮುದುಕರ ಹಾಗೆ ಮೊಣಕಾಲ ಮೇಲೆ ಕೈಯೂರಿ ಏಳುತ್ತಿದ್ದೆ. ಆದರೂ ಮೆಚ್ಚಿದ್ದು ತಲೆಗಿಂತ ಎತ್ತರದ ಬೆನ್ನಿನ, ಕರಿ ಚರ್ಮದ, ಸಾಹೇಬರು ಕೂರುವಂಥ ಕುರ್ಚಿ. ಅಯ್ಯ ನನ್ನನ್ನು ಅದರಲ್ಲಿ ಕೂರಿಸಿ, ಮೊಣಕಾಲ ಹಿಂದೆ, ಸೀಟಿನ ಅಂಚಿನ ಸಂದಿಯಲ್ಲಿ ತಮ್ಮ ನಾಲ್ಕು ಬೆರಳು ತೂರಿಸಲು ನೋಡಿದರು. ಹೋಗಲಿಲ್ಲ.

"ಇದು ನಿನ್ನ ಸೊಂಟಕ್ಕಲ್ಲ ತಮ್ಮಾ, ನಿನ್ನ ಡೌಲಿಗೆ," ಎಂದರು.

ಮೂಲೆಯಿಂದ ಬೂದು ಬಣ್ಣದ, ಬಲೆಯ ಬೆನ್ನಿನ ಒಂದು ಬಡ ಕುರ್ಚಿ ಎಳೆದು, ಅದನ್ನು ನನ್ನ ಕಾಲಿನ ಅಳತೆಗೆ ಇಳಿಸಿಕೊಟ್ಟರು. ನಾಲ್ಕು ಬೆರಳು ಸರಿಯಾಗಿ ಹಿಡಿಸಿದವು. ಆಮೇಲೆ ನಮ್ಮೂರು ಕಾಸಾರಶಿರಸಿಯ ಸಂತೆಯ ಮಾತು ತೆಗೆದರು. ಮಾತಿನ ನಡುವೆ ನನ್ನ ಕಣ್ಣಿಗೆ ಕೈ ಅಡ್ಡ ಹಿಡಿದು, ನೀ ಕುಂತ ಕುರ್ಚಿಗೆ ಕೈ ಇಡೋ ಹಿಡಿಕಿ ಅದಾವೋ ಇಲ್ಲೋ ಹೇಳು ಎಂದರು. ನನಗೆ ಹೇಳಲಾಗಲಿಲ್ಲ.

"ಆತು, ಒಯ್ಯಿ. ಕುಂತದ್ದು ನೆನಪಿಗಿ ಬರಬಾರದು. ನೆನಪಾತಂದ್ರ ಆ ಕುರ್ಚಿ ನಿಂದಲ್ಲ."

ಅಯ್ಯನಿಗೆ ಇನ್ನೊಂದು ಕೆಲಸವಿತ್ತು, ಅದು ತಲೆಮಾರುಗಳಿಂದ ಬಂದದ್ದು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಗೋಡೆಗೆ ಆನಿಸಿ ಕೂರಿಸುತ್ತೇವೆ; ಮಣ್ಣಿಗೂ ಕೂತೇ ಹೋಗಬೇಕು. ಮೈ ಸೆಟೆಯುವ ಮೊದಲೇ ಕೂರಿಸಬೇಕು. ಹಾಗಾಗಿ ಸಾವಿನ ಸುದ್ದಿ ಬಂದರೆ ಅಯ್ಯ ಕುರ್ಚಿಯಲ್ಲಿದ್ದ ಗಿರಾಕಿಯನ್ನು ಎಬ್ಬಿಸಿ ಶಟರ್ ಎಳೆಯುತ್ತಿದ್ದರು.

ನಮ್ಮವ್ವ ತೀರಿದಾಗ ನಾವು ಗಾಬರಿಯಲ್ಲಿ ಹೊತ್ತು ಕಳೆದುಬಿಟ್ಟಿದ್ದೆವು. ಅಯ್ಯ ಬರುವಷ್ಟರಲ್ಲಿ ಅವಳ ಕಾಲು ಬಿಗಿಯತೊಡಗಿದ್ದವು. ನಮ್ಮ ಮಾವ ಒತ್ತಲು ಹೋದರೆ ಅಯ್ಯ ತಡೆದರು. ಮೊಣಕಾಲಿಗೆ ಬಿಸಿನೀರು ಹಾಕಿ ಮೆಲ್ಲಗೆ ತಿಕ್ಕುತ್ತ, ಜೀವಂತ ಇದ್ದವಳೊಡನೆ ಆಡಿದಂತೆ "ಸಾವಕಾಶ ಆಗಲಿ ಅವ್ವಾ, ಗಡಬಡಿ ಏನಿಲ್ಲ" ಎನ್ನುತ್ತಿದ್ದರು. ಕಾಲು ಮಡಚಿದವು. ಅವಳ ಬೆನ್ನಿಗೂ ಗೋಡೆಗೂ ನಡುವೆ ಕೈ ತೂರಿಸಿ ನೋಡಿ, ಸಂದಿಗೆ ಅವಳದೇ ಒಂದು ಹಳೆಯ ಸೀರೆ ಮಡಚಿ ಇಟ್ಟರು. ಆಯುಷ್ಯವಿಡೀ ಒಂದು ಕಡೆ ಕೂರದ ನಮ್ಮವ್ವ ಅಂದು ಆರಾಮಾಗಿ ಕುಳಿತಿದ್ದಳು. ನಾನು ಆಗಲೇ ಅತ್ತದ್ದು.

ಮಣ್ಣು ಕೊಟ್ಟು ಬರುವಾಗ ಅಯ್ಯ ನನ್ನ ಭುಜ ಹಿಡಿದು ನಡೆದರು. ಅವರಿಗೆ ಹೆಂಡತಿ ಇರಲಿಲ್ಲ, ಮಕ್ಕಳಂತೂ ಆಗಿರಲೇ ಇಲ್ಲ.

"ಎಲ್ಲಾರಿಗೂ ನಾ ಕೂಡಿಸೀನಿ. ನನಗ ಮಲಗಿಸಿಬಿಡಬ್ಯಾಡ್ರಿ ತಮ್ಮಾ. ನೀ ನೋಡೀದಿ, ನೀ ಕೈ ಹಚ್ಚು."

"ಹಚ್ತೀನ್ರೀ ಅಯ್ಯಾ," ಎಂದೆ.

ಹೋದ ವರ್ಷ ಹೊಟ್ಟೆಯ ಬೇನೆ ಅವರನ್ನು ಲಾತೂರಿನ ದವಾಖಾನೆಗೆ ಒಯ್ದಿತು. ಜೊತೆಗೆ ನಾನೊಬ್ಬನೇ ಇದ್ದೆ. ನೋವಿಗೆ ಮೊಣಕಾಲನ್ನು ಎದೆಗೆ ಎಳೆದುಕೊಂಡು ಎಂಟು ದಿನ ಮುದುಡಿಕೊಂಡೇ ಇದ್ದರು. ಒಂದು ಮಧ್ಯಾಹ್ನ ಹಾಗೆಯೇ ಉಸಿರು ನಿಂತಿತು. ಅವರನ್ನು ಆ ಸ್ಥಿತಿಯಲ್ಲಿ ನೋಡಲಾಗಲಿಲ್ಲ ನನಗೆ. ಈಗಲಾದರೂ ಈ ಜೀವಕ್ಕೆ ಆರಾಮ ಸಿಗಲಿ ಎಂದು ಮಡಚಿದ್ದ ಆ ಕಾಲುಗಳನ್ನು ನನ್ನ ಕೈಯಾರೆ ಬಿಡಿಸಿದೆ. ನೀಳವಾಗಿ ಚಾಚಿಸಿ, ತಲೆಗೆ ದಿಂಬು ಸರಿ ಮಾಡಿ, ಚಾದರ ಹೊದಿಸಿದೆ. ಕಾಗದ ಪತ್ರ ಮುಗಿದು ಗಾಡಿ ಸಿಗುವಷ್ಟರಲ್ಲಿ ಸಂಜೆಯಾಯಿತು. ದಾರಿಯುದ್ದಕ್ಕೂ ಅವರ ತಲೆ ಅಲುಗದಂತೆ ಹಿಡಿದು ಕುಳಿತಿದ್ದೆ, ಕೊಟ್ಟ ಮಾತು ಒಮ್ಮೆಯೂ ನೆನಪಾಗಲಿಲ್ಲ.

ನಿಲಂಗಾದಲ್ಲಿ ಹಿರಿಯರು ಗೋಡೆ ಬದಿಗೆ ಮಣೆ ಹಾಕಿ, ನೀರು ಕಾಸಿ ಕಾಯುತ್ತಿದ್ದರು. ಮಣೆ ಕಂಡಾಗಲೇ ಕೊಟ್ಟ ಮಾತು ನೆನಪಾಯಿತು. ಒಬ್ಬ ಮುದುಕರು ಅಯ್ಯನ ಮೊಣಕಾಲು ಮುಟ್ಟಿ ನೋಡಿ, ಯಾರು ನೀಳ ಮಾಡಿದವರು ಎಂದು ಕೇಳಿದರು. ನಾನ್ರೀ ಎಂದೆ. ಅವರು ಹಂಡೆಯನ್ನು ನನ್ನ ಕಡೆ ಸರಿಸಿದರು. ಬಿಸಿನೀರು ಹಾಕಿ ತಿಕ್ಕಿದೆ. ಸಾವಕಾಶ ಆಗಲಿ ಅಯ್ಯಾ, ಗಡಬಡಿ ಏನಿಲ್ಲ ಎಂದು ಅವರಂತೆಯೇ ಹೇಳಿದೆ. ಎರಡು ಹಂಡೆ ನೀರು ತೀರಿದರೂ ಕಾಲು ಮಡಚಲಿಲ್ಲ.

"ಬಿಡಪಾ, ಸಾಕು. ಅವರಿಗೆ ಇನ್ನ ತ್ರಾಸ ಕೊಡಬ್ಯಾಡ," ಎಂದರು ಆ ಮುದುಕರು.

ಊರಿನವರನ್ನೆಲ್ಲ ಕೂರಿಸಿದವರನ್ನು ನಾವು ಮಲಗಿಸಿಯೇ ಮಣ್ಣು ಮಾಡಿದೆವು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೂದು ಕುರ್ಚಿ ಇನ್ನೂ ಗಟ್ಟಿಯಾಗಿದೆ. ಸೊಂಟ ನೋವು ಆಗಲೇ ಹೋದದ್ದು ತಿರುಗಿ ಬಂದಿಲ್ಲ, ಮೊಣಕಾಲ ಹಿಂದೆ ನಾಲ್ಕು ಬೆರಳು ಈಗಲೂ ಸರಿಯಾಗಿ ಹಿಡಿಸುತ್ತವೆ. ಆದರೆ ದಿನಾ ಬೆಳಿಗ್ಗೆ ಅದರಲ್ಲಿ ಕಾಲು ಮಡಚಿ ಕೂರುವಾಗ ನಾನು ಕುಳಿತದ್ದು ನನಗೆ ನೆನಪಾಗುತ್ತದೆ. ಸಂಜೆ ಏಳುವವರೆಗೂ ಮರೆಯುವುದಿಲ್ಲ.