ಶಾಲೆಯ ಪಂಪು, ಚಾಳಿನ ನಲ್ಲಿ

ಹಳೆಯ ಮೋಟಾರು ಕೊಳ್ಳುವವರಿಗೆ ನನ್ನದೊಂದು ಕಿವಿಮಾತು: ಹೊಸ ಬಣ್ಣ ಕಂಡು ಮರುಳಾಗಬೇಡಿ, ಕೈಯಿಂದ ತಿರುಗಿಸಿ ಬೇರಿಂಗಿನ ಸದ್ದು ಕೇಳಿ. ಮಾರುವವನು ಚಹಾ ತರಿಸಿದರೆ ಕುಡಿಯಿರಿ. ದರದ ಮಾತು ಚಹಾ ಮುಗಿದ ಮೇಲೆ. ಎಪ್ಪತ್ತರ ದಶಕದ ಕೊನೆಯಲ್ಲಿ ಮುಂಬಯಿ ಹತ್ತಿರದ ಭಿವಂಡಿಯ ಗುಜರಿಯಲ್ಲಿ ಹೀಗೇ ಚೌಕಾಸಿ ಮಾಡಿ ಡೊಂಬಿವಲಿಯ ನಮ್ಮ ಕನ್ನಡ ಶಾಲೆಗೆ ಒಂದು ಪಂಪು ತಂದೆ. ಶಾಲೆಯ ಕಮಿಟಿಗೆ ನಾನೇ ಕಾರ್ಯದರ್ಶಿ. ಬೀದಿಯ ನೀರಿನ ಪೈಪಿಗೇ ಅದನ್ನು ಜೋಡಿಸಿದೆವು. ಕಾಯಿದೆಗೆ ವಿರುದ್ಧವೆಂದು ಗೊತ್ತಿತ್ತು, ಆದರೆ ಸುತ್ತಲಿನ ಬಿಲ್ಡಿಂಗಿನವರೆಲ್ಲ ಮಾಡಿದ್ದರು. ಬೆಳಿಗ್ಗೆ ಆರಕ್ಕೆ ನೀರು ಬಿಟ್ಟರೆ ಏಳೂವರೆಯೊಳಗೆ ನಮ್ಮ ನೀರಿನ ಟಾಕಿ ತುಂಬುತ್ತಿತ್ತು. ಕಮಿಟಿಯವರು ನನಗೆ ಹಾರ ಹಾಕಿದರು.

ಶಾಲೆಯ ಹಿಂದೆ ಒಂದು ಚಾಳು, ಒಂದೊಂದೇ ಕೋಣೆಯ ಸಾಲುಮನೆಗಳು. ಕಲಬುರ್ಗಿ, ರಾಯಚೂರು ಕಡೆಯಿಂದ ಬಂದು ಹಮಾಲಿ, ಗಾರೆ ಕೆಲಸ ಮಾಡುವವರು ಅಲ್ಲಿದ್ದರು. ನಮ್ಮ ಅರ್ಧ ಮಕ್ಕಳು ಅಲ್ಲಿಯವರೇ. ಅವರನ್ನು ಸೇರಿಸಲು ನಾನೇ ಮನೆಮನೆ ಹತ್ತಿಳಿದಿದ್ದೆ, ಏಕೆಂದರೆ ಮಕ್ಕಳ ತಲೆಯೆಣಿಕೆ ಸಾಲದಿದ್ದರೆ ತರಗತಿಗೆ ಸರಕಾರದ ಮಂಜೂರಾತಿ ಇಲ್ಲ. ಆ ಮಕ್ಕಳು ದಿನಾ ತಡ. ಏಳೂವರೆಯ ಗಂಟೆ ಬಾರಿಸಿದ ಮೇಲೆ ಬಂದವರು ಗೇಟಿನ ಹೊರಗೇ ನಿಲ್ಲಬೇಕೆಂಬ ನಿಯಮವೂ ನನ್ನದೇ.

ಪಕ್ಕದ ಊರು ಕಲ್ಯಾಣದಿಂದ ಹೊಸ ಟೀಚರ್ ಒಬ್ಬರು ಬಂದರು. ಶನಿವಾರದ ಕೊನೆಯ ಗಂಟೆಯಲ್ಲಿ ಅವರದು ಪುಸ್ತಕದಲ್ಲಿಲ್ಲದ ಪಾಠ. ತರಗತಿಯ ಒಂದು ತೊಂದರೆಯನ್ನು ಹಿಡಿದು ಯಾಕೆ, ಯಾಕೆ ಎಂದು ಹಿಂದಕ್ಕೆ ಹೋಗಬೇಕು. ಅದಕ್ಕೂ ಮೊದಲು ತೊಂದರೆಯಲ್ಲಿದ್ದವರ ಜೊತೆ ನಿಂತು ಬರಬೇಕು. ಐದನೆಯ ತರಗತಿಯವರು ಆರಿಸಿದ್ದು ‘ತಡ’. ಆಫೀಸು, ಹೋಟೆಲಿನವರ ಮಕ್ಕಳು ಒಂದು ಬೆಳಿಗ್ಗೆ ಕೊಡ ಹಿಡಿದು ಚಾಳಿನ ಸಾಲಿನಲ್ಲಿ ನಿಂತರು. ಅದೇ ತರಗತಿಯ ನನ್ನ ಮಗಳೂ ನಿಂತಳು.

ಮುಂದಿನ ಶನಿವಾರ ನಾನು ಒಳಗೆ ಹೋದಾಗ ಹಲಗೆಯ ತುಂಬ ಬಾಣದ ಗುರುತು. ತಡ ಯಾಕೆ? ನೀರಿನ ಸಾಲು. ಸಾಲು ಯಾಕೆ? ಏಳೂವರೆಯವರೆಗೆ ನಲ್ಲಿ ಒಣ. ಒಣ ಯಾಕೆ? ಪೈಪಿನ ನೀರೆಲ್ಲ ಎಳೆಯುವ ಪಂಪು. ಕೊನೆಯ ಬಾಣ ನಮ್ಮ ಶಾಲೆಗೇ ಬಂದು ಮುಟ್ಟಿತ್ತು.

“ಪಪ್ಪಾ, ಪಂಪ್ ಏಳಕ್ಕೇ ಬಂದ್ ಕರೋ ನಾ, ಅಷ್ಟೇ ಬಸ್!” ಎಂದಳು ಮಗಳು, ಎಲ್ಲರೆದುರು.

ಟೀಚರನ್ನು ಹೊರಗೆ ಕರೆದೆ. “ನಿಮ್ಮನ್ನು ಇಟ್ಟದ್ದು ಪಾಠ ಮಾಡ್ಲಿಕ್ಕಾ, ಬೆಂಕಿ ಹಚ್ಲಿಕ್ಕಾ ಮಾರಾಯ್ರೆ?”

“ಇದೇ ಪಾಠ ಸರ್. ನಾಳೆ ಈ ಮಕ್ಕಳೂ ಪಂಪು ಹಾಕಿಸ್ತಾರೆ. ಆಗ ಹಿಂದಿನ ಮನೆಯವರ ನೆನಪಾದ್ರೆ ಸಾಕು.”

“ಪರೀಕ್ಷೆಯಲ್ಲಿ ಇದಕ್ಕೆ ಮಾರ್ಕ್ಸ್ ಎಷ್ಟು?”

ಅವರು ತರಗತಿಗೆ ಮರಳಿದರು. ಗೆದ್ದೆ ಅಂದುಕೊಂಡೆ.

ಯಾರನ್ನಾದರೂ ಕೆಲಸದಿಂದ ತೆಗೆಯಬೇಕಿದ್ದರೆ ತೆಗೆಯಬೇಡಿ. ಹಂಗಾಮಿ ನೇಮಕ ಮುಗಿಯುವವರೆಗೆ ಕಾಯಿರಿ, ಮತ್ತೆ ಕೊಡಬೇಡಿ. ಸದ್ದಿಲ್ಲದೆ ಆಗುತ್ತದೆ. ದೀಪಾವಳಿ ರಜೆಯ ನಂತರ ಟೀಚರ್ ಬರಲಿಲ್ಲ. ಪಂಪು ಮಾತ್ರ ಎಂದಿನಂತೆ ಆರರಿಂದ ಏಳೂವರೆಯವರೆಗೆ ಓಡುತ್ತಿತ್ತು. ಗೇಟಿನ ಹೊರಗೆ ನಿಂತು ಬೇಸತ್ತ ಚಾಳಿನ ಮಕ್ಕಳು ಒಬ್ಬೊಬ್ಬರಾಗಿ ಮಧ್ಯಾಹ್ನದ ಪಾಳಿಯ ಮರಾಠಿ ಶಾಲೆಗೆ ಸೇರಿದರು. ಬೇಸಿಗೆಯ ಹೊತ್ತಿಗೆ ಮುಂದಿನ ವರ್ಷದ ಐದನೆಯ ತರಗತಿಗೆ ಮಕ್ಕಳ ತಲೆ ಸಾಲದಾಯಿತು.

ನೋಟ್‌ಬುಕ್ಕಿನ ಕಟ್ಟು ಹಿಡಿದು ಚಾಳಿಗೆ ಹೋದೆ. ಇಬ್ಬರು ಮಕ್ಕಳನ್ನು ನಮ್ಮ ಶಾಲೆಯಿಂದ ಬಿಡಿಸಿದ್ದ ಗಾರೆ ಕೆಲಸದ ಹೆಂಗಸು ಬಾಗಿಲಲ್ಲೇ ನಿಂತಿದ್ದಳು.

“ಮಕ್ಕಳನ್ನು ಕಳಿಸಮ್ಮ, ಪುಸ್ತಕ ಎಲ್ಲ ಫ್ರೀ.”

“ಹಿಂಡಿದ್ರ ನೀರ್ ಬರ್ತಾವೇನ್ರಿ ಅಣ್ಣಾರ, ಈ ಪುಸ್ತಕದಾಗ?” ಎಂದಳು. ಪಕ್ಕದ ಮನೆಯವರು ನಕ್ಕರು.

ಪಂಪು ನಿಲ್ಲಿಸುತ್ತೇನೆ ಎಂಬ ಒಂದು ಮಾತು ಸಾಕಿತ್ತು. ಅದು ಬಾಯಿಗೆ ಬರಲಿಲ್ಲ, ವ್ಯಾಪಾರ ಬಂತು. “ಹೋಗ್ಲಿ, ನಿಮ್ಮ ಚಾಳಿಗೂ ಒಂದು ಪಂಪು ಹಾಕಿಸಿ ಕೊಡ್ತೇನೆ. ಆಯ್ತಾ?”

ಆಕೆ ಚಾಳಿನ ಆಚೆ, ಅದೇ ಪೈಪಿನ ಕೊನೆಗೆ, ಕೊಳಚೆ ನಾಲೆಯ ಬದಿಯ ಜೋಪಡಿಗಳತ್ತ ಕೈ ತೋರಿಸಿದಳು. “ನಮಗ ಹಾಕಿಸ್ತೀರಿ. ಅಲ್ಲಿ ಇದ್ದವ್ರು ಏನ್ ಕುಡೀಬೇಕ್ರಿ?”

ನೋಟ್‌ಬುಕ್ಕಿನ ಕಟ್ಟನ್ನು ಹಾಗೇ ಎತ್ತಿಕೊಂಡು ಬಂದೆ. ಆ ಜೂನಿನಲ್ಲಿ ನಮ್ಮಲ್ಲಿ ಐದನೆಯ ತರಗತಿ ತೆರೆಯಲಿಲ್ಲ.