ಕೊಳವೆ ಮಾಮ ಸಿಡಿಸಿದ ಟ್ಯಾಂಕ್

ಓಣಿಯ ಮಕ್ಕಳಾದ ನಮಗೆಲ್ಲ ಅವನು ಕೊಳವೆ ಮಾಮ. ಶೆಡ್ಡಿನ ತುಂಬ ಕೊಳವೆಗಳನ್ನೇ ಪೇರಿಸಿಟ್ಟಿದ್ದರೂ ಮನೆಯ ನಲ್ಲಿ ಸೋರಿದರೆ ಪ್ಲಂಬರನನ್ನೇ ಕರೆಸಬೇಕು ಎಂದು ಅವನ ಹೆಂಡತಿ, ನಮ್ಮ ಅತ್ತೆ, ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಮಾಮ ಮಾಡುತ್ತಿದ್ದದ್ದು ಸಿನಿಮಾದ ಆಯುಧಗಳನ್ನು. ಅದರಲ್ಲೂ ಹಳೆಯ ಯುದ್ಧಗಳಲ್ಲಿ ಟ್ಯಾಂಕ್ ಒಡೆಯಲು ಸೈನಿಕರು ಹೆಗಲ ಮೇಲಿಟ್ಟು ಹಾರಿಸುತ್ತಿದ್ದ ರಾಕೆಟ್ ಕೊಳವೆಗಳು, ಎರಡು ಗಾಲಿಯ ಗಿಡ್ಡ ಫಿರಂಗಿಗಳು. ತಗಡು, ಮರ, ಫೈಬರ್ ಸೇರಿಸಿ, ಬಣ್ಣ ಬಳಿದು, ಆ ಬಣ್ಣವನ್ನೇ ಅಲ್ಲಲ್ಲಿ ಉಜ್ಜಿ ತೆಗೆದು, ನಾಲ್ಕು ಯುದ್ಧ ಕಂಡವೇನೋ ಎಂಬಂತೆ ಮಾಡುತ್ತಿದ್ದ. ಅಸಲಿಯನ್ನು ಅವನು ನೋಡಿದ್ದು ವಸ್ತುಸಂಗ್ರಹಾಲಯದ ಗಾಜಿನ ಈಚೆ ನಿಂತು ಮಾತ್ರ. ಒಮ್ಮೆ ವಿಡಿಯೊ ಗೇಮ್ ಮಾಡುವವರು ಬಂದು, ಕೊಳವೆಗಳನ್ನು ಸುತ್ತಲಿಂದಲೂ ಫೋಟೊ ತೆಗೆದುಕೊಂಡು, ಇನ್ನೊಂದು ರಾಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದರಂತೆ. ತಾನು ಬಣ್ಣ ಹೊಡೆಯುವವನು, ಯುದ್ಧಕ್ಕೆ ಹೋಗಿಬಂದವರನ್ನು ಕೇಳಿ ಎಂದುಬಿಟ್ಟನಂತೆ ಮಾಮ.

ಅವನ ಟ್ಯಾಂಕೂ ಅಷ್ಟೆ. ಟ್ರ್ಯಾಕ್ಟರಿನ ಮೇಲೆ ಕಬ್ಬಿಣದ ಚೌಕಟ್ಟು, ಅದರ ಸುತ್ತ ತಗಡು. ಅದನ್ನು ಓಡಿಸುತ್ತಿದ್ದವನು ಅತ್ತೆಯ ತಮ್ಮ. ಕೊಳವೆಯಿಂದ ಹೊರಟ ಹುಸಿ ರಾಕೆಟ್ಟು ಕಣ್ಣಿಗೆ ಕಾಣದಷ್ಟು ತೆಳುವಾದ ತಂತಿಯ ಮೇಲೆ ಜಾರಿಕೊಂಡು ಟ್ಯಾಂಕಿಗೆ ಬಡಿಯುವ ಹೊತ್ತಿಗೆ ಸರಿಯಾಗಿ ಮಾಮ ಸ್ವಿಚ್ ಒತ್ತಬೇಕು. ಭುಗಿಲ್ಲೆಂದು ಬೆಂಕಿ ಎದ್ದೊಡನೆ ಆ ತಮ್ಮ ಮೇಲಿನ ಮುಚ್ಚಳ ತಳ್ಳಿ, ಉರಿಯುವ ಕೋಟಿನಲ್ಲಿ ಹೊರಬಿದ್ದು ಉರುಳಬೇಕು. ಎಷ್ಟೋ ಸಿನಿಮಾ, ಧಾರಾವಾಹಿಗಳಲ್ಲಿ ಹಾಗೆ ಬಿದ್ದು ಸತ್ತವನು ಅವನೇ. ಮುಖ ಒಮ್ಮೆಯೂ ಕಂಡದ್ದಿಲ್ಲ. ಎಲ್ಲರೂ ಬದುಕೋಕೆ ದುಡೀತಾರೆ, ನಾನು ಸಾಯೋಕೆ ದುಡೀತೀನಿ ಎಂದು ನಗುತ್ತಿದ್ದ. ಆ ಕೋಟುಗಳನ್ನು ಒಳಗೆ ದಪ್ಪ ಪದರಗಳಿಟ್ಟು ಹೊಲಿಯುತ್ತಿದ್ದವಳು ಅತ್ತೆ.

ಆ ಸಲದ್ದು ಒಂದು ಟಿವಿ ಧಾರಾವಾಹಿ. ಬೆಂಕಿ ಸಾಲದು ಎಂದು ನಿರ್ದೇಶಕ ಪಟ್ಟು ಹಿಡಿದ. ಮುಚ್ಚಳದ ಪಕ್ಕದಲ್ಲೇ ಪೆಟ್ರೋಲಿನ ತಟ್ಟೆ ಇಟ್ಟರು. ಮಾಮನಿಗೆ ಅದು ಸರಿಬರಲಿಲ್ಲ. ಒಂದು ಮಾತು ಹೇಳಿಯೂ ನೋಡಿದ. "ಬಿಡಿ ಭಾವ, ಬೇಗ ಮುಗಿಸೋಣ" ಎಂದು ತಮ್ಮನೇ ಒಳಗಿಳಿದ.

ರಾಕೆಟ್ಟು ಬಡಿಯಿತು. ಮಾಮ ಸ್ವಿಚ್ ಒತ್ತಿದ. ಮುಚ್ಚಳ ಒಂದು ಗೇಣು ಮೇಲೆದ್ದು ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಕ್ಯಾಮೆರಾ ನಿಲ್ಲಿಸಬೇಡ ಎಂದು ನಿರ್ದೇಶಕ ಕೈಸನ್ನೆ ಮಾಡಿದ. ಆಮೇಲೆ ಮುಚ್ಚಳ ಅಲುಗಲೇ ಇಲ್ಲ. ಕಾವಿಗೆ ಚೌಕಟ್ಟು ಸೊಟ್ಟಗಾಗಿ ಮುಚ್ಚಳವನ್ನು ಕಚ್ಚಿ ಹಿಡಿದಿತ್ತು. ಮಾಮ ಹಾರೆ ಹಿಡಿದು ಓಡಿದ. ಹಾರೆ ಸಾಲದೆ ಬರಿಗೈಯಲ್ಲಿ ಎಳೆದ. ಹೊರತೆಗೆದಾಗ ಕೋಟು ಹೆಚ್ಚೇನೂ ಸುಟ್ಟಿರಲಿಲ್ಲ. ಹೊಗೆ ಕುಡಿದು ಜೀವ ಹೋಗಿತ್ತು.

ಮಾಮನ ಎರಡು ಕೈಗಳಿಗೂ ಮೊಣಕೈವರೆಗೆ ಪಟ್ಟಿ ಬಿತ್ತು. ಅತ್ತೆ ಅವನೊಂದಿಗೆ ಮಾತು ಬಿಟ್ಟಳು. ಆದರೆ ತುತ್ತು ಎತ್ತಲು ಅವನಿಗೆ ಕೈ ಇರಲಿಲ್ಲವಲ್ಲ. ಅವಳೇ ಎದುರು ಕೂತು ಉಣಿಸುತ್ತಿದ್ದಳು. ಅವನು ಬಾಯಿ ತೆರೆಯುತ್ತಿದ್ದ, ಅವಳು ಗೋಡೆ ನೋಡುತ್ತ ತುತ್ತಿಡುತ್ತಿದ್ದಳು. ಆ ಹೊತ್ತಿನಲ್ಲಿ ಅವರ ಮನೆಗೆ ಹೋದರೆ ಬಾಗಿಲಿಂದಲೇ ಹಿಂದಿರುಗಿಬಿಡುತ್ತಿದ್ದೆ ಎಂದು ನನ್ನ ಅಮ್ಮ ಹೇಳುತ್ತಿದ್ದಳು.

ಕೆಲವು ವಾರಗಳಾದ ಮೇಲೆ ನಿರ್ಮಾಪಕ ತಾನೇ ಬಂದ. ಆ ದೃಶ್ಯ ಬಹಳ ಚೆನ್ನಾಗಿ ಬಂದಿದೆ, ಹುಡುಗ ಅದರಲ್ಲಿ ಕಾಣುವುದೇ ಇಲ್ಲ, ನೀವು ಒಪ್ಪಿದರೆ ಇಟ್ಟುಕೊಳ್ಳುತ್ತೇವೆ, ಧಾರಾವಾಹಿಯ ಶುರುವಿನಲ್ಲಿ ಅವನ ಹೆಸರು ಹಾಕುತ್ತೇವೆ ಎಂದ. ಮೊದಲು ನೋಡುತ್ತೇನೆ ಎಂದಳು ಅತ್ತೆ.

ಎಡಿಟಿಂಗ್ ಕೋಣೆಯ ಕತ್ತಲಲ್ಲಿ ಇಬ್ಬರನ್ನೂ ಕೂರಿಸಿ ತೋರಿಸಿದರು. ಮುಗಿದ ಮೇಲೆ ಅತ್ತೆ ಅಷ್ಟು ದಿನಗಳಲ್ಲಿ ಮೊದಲ ಸಲ ಗಂಡನನ್ನು ಮಾತಾಡಿಸಿದಳು.

"ಆ ಮುಚ್ಚಳ ಎದ್ದು ಎದ್ದು ಬಿತ್ತಲ್ಲ, ಆಗ ನೀವು ಎಲ್ಲಿದ್ರಿ?"

"ಎದುರಿಗೇ ಇದ್ದೆ."

"ನೋಡ್ತಾ ಇದ್ರಾ?"

"ನೋಡ್ತಿದ್ದೆ. ಇವತ್ತು ಚೆನ್ನಾಗಿ ಮಾಡ್ತಿದಾನೆ ಅಂದ್ಕೊಂಡೆ ಕಣೇ."

ಅತ್ತೆ ಅಳಲಿಲ್ಲ. ನಿರ್ಮಾಪಕನ ಕಡೆ ತಿರುಗಿದಳು. "ಅವನು ನಟಿಸಿದ್ದನ್ನ ಎಷ್ಟು ಬೇಕಾದ್ರೂ ತೋರಿಸ್ಕೊಳ್ಳಿ. ಇದು ನಟನೆ ಅಲ್ಲ. ಬೇಡ."

ದೃಶ್ಯ ತೆಗೆದರು. ಧಾರಾವಾಹಿಯಲ್ಲಿ ರಾಕೆಟ್ಟು ಹೊರಡುವುದಷ್ಟೇ ಕಾಣುತ್ತದೆ. ಆಮೇಲೆ ದೂರದಲ್ಲಿ ಹೊಗೆ. ಟ್ಯಾಂಕ್ ಒಡೆಯುವುದನ್ನೇ ಸರಿಯಾಗಿ ತೋರಿಸಲಿಲ್ಲ ಎಂದು ನಮ್ಮ ಓಣಿಯವರೇ ಗೊಣಗಿದರು. ಅದು ಅತ್ತೆಯ ಕಿವಿಗೂ ಬಿತ್ತು.

ಮಾಮ ಬೇರೆ ಕೆಲಸ ಕಲಿತವನಲ್ಲ. ಪಟ್ಟಿ ಬಿಚ್ಚಿದ ಮೇಲೆ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ, ಆದರೂ ಶೆಡ್ಡಿಗೆ ಹೋದ. ಟ್ಯಾಂಕಿನ ಹೊಟ್ಟೆಯಲ್ಲಿ ಇನ್ನೊಂದು ಬಾಗಿಲು ಕೊರೆದ. ಪ್ರತಿ ಶೂಟಿಂಗಿಗೂ ಮುಂಚೆ ತಾನೇ ಒಳಗಿಳಿದು ಕೆಳಗಿನಿಂದ ತೆವಳಿ ಹೊರಬರುತ್ತಿದ್ದ. ಸ್ವಿಚ್ಚನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. ಬೇರೆ ಯಾರೋ ಒತ್ತುವಾಗ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ.

ಈಗ ಅತ್ತೆಯೂ ಜೊತೆಗೆ ಹೋಗತೊಡಗಿದಳು. ಬೆಂಕಿ ಹಚ್ಚುವ ಮುಂಚೆ ಟ್ಯಾಂಕಿನ ಪಕ್ಕೆಗೆ ಗುದ್ದುವಳು. ಒಳಗೆ ಕೂತವನ ಗುದ್ದು ಮರಳಿ ಕೇಳಿದ ಮೇಲೆಯೇ ದೂರ ಸರಿಯುವಳು. ಯಾವ ನಿರ್ದೇಶಕನೂ ಅವಳನ್ನು ಅವಸರಪಡಿಸುವ ಧೈರ್ಯ ಮಾಡಲಿಲ್ಲ.

ತಮ್ಮನ ಜಾಗಕ್ಕೆ ಹೊಸಬನೊಬ್ಬ ಬಂದಿದ್ದ, ಇಬ್ಬರು ಮಕ್ಕಳ ತಂದೆ. ಅತ್ತೆ ಅವನ ಅಳತೆ ತೆಗೆದುಕೊಂಡು, ಹೊಸ ಕೋಟು ಹೊಲಿದುಕೊಟ್ಟು, ಪ್ರತಿ ಸಲವೂ ತಾನೇ ಗುಂಡಿ ಹಾಕುತ್ತಿದ್ದಳು. ಹೆಸರು ಮಾತ್ರ ಕೇಳಲಿಲ್ಲ. ಯಾಕೆ ಎಂದು ಅಮ್ಮ ಒಮ್ಮೆ ವಿಚಾರಿಸಿದಾಗ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳಂತೆ.

"ಗೊತ್ತಾದ್ರೆ, ಮುಚ್ಚಳ ಏಳದ ದಿನ ಹೆಸರು ಹಿಡ್ದು ಕರೀಬೇಕಾಗ್ತದೆ" ಎಂದಳಂತೆ.